ಗುಂಡಿಗೆ ಸಿಕ್ಕಿಸಿದ ಮರದ ಚಕ್ಕೆ

ಸುರಕ್ಷತಾ ತರಬೇತಿ ಕೊಡಿ ಎಂದು ಕಾರ್ಖಾನೆಯವರು ಕರೆದಾಗ ನಾನು ಮೊದಲು ಕೇಳುವುದು, ಎದುರಿಗೆ ಯಾರು ಕೂರುತ್ತಾರೆ ಎಂದು. ಉತ್ತರ ಬಹುಮಟ್ಟಿಗೆ ಗೊತ್ತಿರುವುದೇ. "ಕಾರ್ಮಿಕರು ಮೇಡಂ. ಎರಡು ಪಾಳಿಯವರನ್ನೂ ಕಳುಹಿಸುತ್ತೇವೆ. ಹೆಲ್ಮೆಟ್, ಶೂ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಿ. ನಾವು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ." ಮಾರ್ಚ್ 4 ಹತ್ತಿರವಾದರಂತೂ ಇಂಥ ಕರೆಗಳಿಗೆ ಬರವಿಲ್ಲ, ಅಂದು ರಾಷ್ಟ್ರೀಯ ಸುರಕ್ಷತಾ ದಿನ. ಬ್ಯಾನರ್ ಕಟ್ಟಿ, ಪ್ರತಿಜ್ಞೆ ಓದಿಸಿ, ಗುಂಪಿನ ಫೋಟೋ ತೆಗೆದು, ಹಾಜರಾತಿ ಹಾಳೆಗೆ ಸಹಿ ಹಾಕಿಸಿದರೆ ಗ್ರಾಹಕ ಕಂಪನಿಯ ಆಡಿಟ್‌ಗೆ ಒಂದು ಫೈಲು ಸಿದ್ಧವಾಗುತ್ತದೆ. ಮ್ಯಾನೇಜರು ಸ್ವಾಗತ ಭಾಷಣ ಮಾಡಿ, ಮುಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಕೂತು, ಫೋನು ಬಂತೆಂದು ಎದ್ದು ಹೋಗುತ್ತಾರೆ. ಕೊನೆಯವರೆಗೆ ಕೂರಬೇಕಾಗಿದ್ದವರು ಅವರೇ.

ಹಾಗಾಗಿ ನನ್ನದೊಂದು ಕರಾರು ಇದೆ. ಮೊದಲ ತರಬೇತಿ ಪ್ಲಾಂಟ್ ಮ್ಯಾನೇಜರು, ಪ್ರೊಡಕ್ಷನ್, ಮೆಂಟೆನೆನ್ಸ್, ಎಚ್‌ಆರ್, ಖರೀದಿ ವಿಭಾಗದವರಿಗೆ. ಕಾರ್ಮಿಕರದು ಆಮೇಲೆ. ಕೆಲವರು ಇದನ್ನು ಕೇಳಿ ಮತ್ತೆ ಫೋನ್ ಮಾಡುವುದೇ ಇಲ್ಲ. ಒಪ್ಪಿಕೊಂಡವರಲ್ಲೂ ಅನೇಕರು, ತರಬೇತಿಗೆ ಬಂದಿರುವುದು ಹೆಂಗಸು ಎಂದು ಕಂಡ ಕೂಡಲೇ ಇದು ಲೈಂಗಿಕ ಕಿರುಕುಳ ತಡೆ ಕಾಯಿದೆಯ ಕಾರ್ಯಕ್ರಮ ಎಂದುಕೊಂಡು ಕೂತಿರುತ್ತಾರೆ. ಅದೂ ಅಗತ್ಯವಾದ ಕಾಯಿದೆಯೇ, ಆದರೆ ನಾನು ಮಾತನಾಡಲು ಬಂದಿರುವುದು ಪವರ್ ಪ್ರೆಸ್, ಬಾಯ್ಲರ್, ಸಂಪು, ಕ್ರೇನುಗಳ ಬಗ್ಗೆ ಎಂದಾಗ ಒಂದಿಬ್ಬರು ಬೆನ್ನು ನೆಟ್ಟಗೆ ಮಾಡುತ್ತಾರೆ.

ನಮ್ಮ ತುಮಕೂರಿನ ಕೈಗಾರಿಕೆಗಳ ಸ್ವರೂಪ ಗೊತ್ತಿದ್ದವರಿಗೆ ಈ ಹಟದ ಕಾರಣ ಅರ್ಥವಾಗುತ್ತದೆ. ವಸಂತನರಸಾಪುರದಲ್ಲಿ ದೊಡ್ಡ ಶೆಡ್ಡುಗಳಿವೆ, ಫುಡ್ ಪಾರ್ಕ್ ಇದೆ, ಮಷೀನ್ ಟೂಲ್ ಪಾರ್ಕ್ ಇದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆದರೆ ಅಂತರಸನಹಳ್ಳಿ, ಹಿರೇಹಳ್ಳಿ, ಸತ್ಯಮಂಗಲಗಳ ಒಳರಸ್ತೆಗಳಲ್ಲಿ ನಡೆದರೆ ಕಾಣುವುದು ಬೇರೆ ಲೋಕ: ಲೋಹದ ತಗಡು ಒತ್ತುವ ಪ್ರೆಸ್ ಶಾಪ್‌ಗಳು, ಪ್ಲಾಸ್ಟಿಕ್ ಮೌಲ್ಡಿಂಗ್, ಅಕ್ಕಿ ಗಿರಣಿ, ಪ್ಯಾಕಿಂಗ್ ಘಟಕಗಳು. ಮೂವತ್ತು, ಐವತ್ತು, ಹೆಚ್ಚೆಂದರೆ ನೂರಿಪ್ಪತ್ತು ಜನ. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಸೇಫ್ಟಿ ಆಫೀಸರ್ ಕಡ್ಡಾಯವಾಗಿದ್ದದ್ದು ಸಾಮಾನ್ಯವಾಗಿ ಸಾವಿರ ಕಾರ್ಮಿಕರಿದ್ದರೆ ಮಾತ್ರ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅದನ್ನು ಐನೂರಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಡೆ ಇನ್ನೂರೈವತ್ತಕ್ಕೆ. ಈ ಲೆಕ್ಕದಲ್ಲೂ ಒಳರಸ್ತೆಯ ಘಟಕಗಳಿಗೆ ಸೇಫ್ಟಿ ಆಫೀಸರ್ ಬರುವುದಿಲ್ಲ. ಅಂದರೆ ಅಲ್ಲಿ ಸುರಕ್ಷತೆಯ ಅಧಿಕಾರಿ ಯಾರಾದರೂ ಇದ್ದರೆ ಅದು ಮ್ಯಾನೇಜರೇ. ಅವರು ಓದಿದ ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಈ ಪಾಠಕ್ಕೆ ಒಂದು ಪುಟ ಸಿಕ್ಕಿದ್ದರೆ ಹೆಚ್ಚು.

ಕೂತವರ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ಯಾವ ಯಾವ ರಿಜಿಸ್ಟರ್ ಇಡಬೇಕು ಮೇಡಂ?" ಎರಡನೆಯದು ಈಚೆಗೆ ಸೇರಿಕೊಂಡಿದೆ: "ಹಳೆಯ ಕಾಯಿದೆ ಹೋಯಿತಲ್ಲ, ಇನ್ನು ಯಾವುದನ್ನು ನೋಡಬೇಕು?" ಎರಡನೆಯದಕ್ಕೆ ಚುಟುಕಾಗಿ ಉತ್ತರಿಸುತ್ತೇನೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಸುರಕ್ಷತೆಯ ಸಂಹಿತೆ ಹಿಂದಿನ ಹದಿಮೂರು ಕೇಂದ್ರ ಕಾಯಿದೆಗಳನ್ನು ಒಂದೇ ಸೂರಿನಡಿ ತಂದಿದೆ. ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದದ್ದು ಈಗ ಇಪ್ಪತ್ತಾಗಿದೆ. ಇದನ್ನು ಕೇಳಿದ ಕೂಡಲೇ ಹದಿನೈದು ಜನರಿರುವ ಘಟಕದವರು ನಿಟ್ಟುಸಿರು ಬಿಡುತ್ತಾರೆ, ಆದರೆ ಅದು ಅವಸರದ ನಿಟ್ಟುಸಿರು. ಹತ್ತು ಜನರಿದ್ದರೆ ಅದು ಸಂಹಿತೆಯ ಮಟ್ಟಿಗೆ ಒಂದು ಸಂಸ್ಥೆಯೇ; ಗಾಯ ಅಥವಾ ರೋಗ ತರಬಲ್ಲ ಅಪಾಯಗಳಿಲ್ಲದ ಜಾಗ ಒದಗಿಸಬೇಕೆಂಬ ಮಾಲೀಕರ ಕರ್ತವ್ಯ ಅಲ್ಲಿಗೂ ಅನ್ವಯಿಸುತ್ತದೆ. ಹಳೆಯ ನಿಯಮಗಳು, ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ, ಬದಲಾವಣೆಯ ಈ ಅವಧಿಯಲ್ಲಿ ಮುಂದುವರಿಯುತ್ತವೆ ಎಂದು ಸರ್ಕಾರವೇ ಹೇಳಿದೆ. ಹಾಗಾಗಿ ಪ್ರೆಸ್ಸಿನ ಗಾರ್ಡನ್ನು, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಬೇಲಿಯನ್ನು, ಬಿಚ್ಚಿ ಮೂಲೆಗಿಡಲು ಸಂಹಿತೆಯಲ್ಲಿ ಯಾವ ಅನುಮತಿಯೂ ಇಲ್ಲ.

ಮೊದಲ ಪ್ರಶ್ನೆಗೆ ಮಾತ್ರ ನಾನು ನೇರವಾಗಿ ಉತ್ತರ ಕೊಡುವುದಿಲ್ಲ. ರಿಜಿಸ್ಟರುಗಳ ಪಟ್ಟಿ ಮುದ್ರಿಸಿ ಹಂಚುತ್ತೇನೆ, ಅಷ್ಟೇ. ಅದರಿಂದ ಶುರು ಮಾಡಿದರೆ ಇಡೀ ದಿನ ಅದರಲ್ಲೇ ಮುಗಿಯುತ್ತದೆ, ಎಲ್ಲರಿಗೂ ತೃಪ್ತಿಯೂ ಆಗುತ್ತದೆ, ಯಂತ್ರಗಳು ಇದ್ದ ಹಾಗೆಯೇ ಇರುತ್ತವೆ.

ಬದಲಿಗೆ, ಕಾನೂನು ಯಾರ ಹೆಸರನ್ನು ಹಿಡಿದುಕೊಂಡಿದೆ ಎಂಬುದರಿಂದ ಆರಂಭಿಸುತ್ತೇನೆ. ಲೈಸೆನ್ಸಿನ ಅರ್ಜಿಯಲ್ಲಿ ಎರಡು ಹೆಸರುಗಳಿರುತ್ತವೆ: ಆಕ್ಯುಪೈಯರ್, ಅಂದರೆ ಕಾರ್ಖಾನೆಯ ಮೇಲೆ ಅಂತಿಮ ಹತೋಟಿ ಇರುವವರು, ಮತ್ತು ಮ್ಯಾನೇಜರ್. ಕಂಪನಿಯಾದರೆ ಆಕ್ಯುಪೈಯರ್ ಆಗಬೇಕಾದದ್ದು ನಿರ್ದೇಶಕರಲ್ಲಿ ಒಬ್ಬರು. ಸಂಬಳಕ್ಕಿರುವ ಯಾರನ್ನೋ ಆ ಸ್ಥಾನಕ್ಕೆ ತೋರಿಸಿ ನಿರ್ದೇಶಕರು ನುಣುಚಿಕೊಳ್ಳುವಂತಿಲ್ಲ ಎಂದು ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಸ್ಪಷ್ಟಪಡಿಸಿದೆ. ಅದಕ್ಕೂ ಹಿಂದೆ, 1984ರ ಡಿಸೆಂಬರಿನ ಭೋಪಾಲ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ದೊಡ್ಡ ತಿದ್ದುಪಡಿಯಾಯಿತು. ಆಕ್ಯುಪೈಯರ್‌ನ ಸಾಮಾನ್ಯ ಕರ್ತವ್ಯಗಳನ್ನು ಹೇಳುವ 7ಎ ಸೆಕ್ಷನ್ ಆಗ ಬಂತು. ಸುರಕ್ಷತಾ ಸಮಿತಿ ಬಂತು. ತಕ್ಷಣದ ಅಪಾಯ ಕಂಡರೆ ಮೇಲಿನವರ ಗಮನಕ್ಕೆ ತರುವ ಹಕ್ಕು ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವ ಕಾರ್ಮಿಕರಿಗೆ ಬಂತು. ಜೊತೆಗೆ 104ಎ ಎಂಬ ಪುಟ್ಟ ಸೆಕ್ಷನ್ ಕೂಡ. ಅದನ್ನು ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಸುರಕ್ಷತೆಗಾಗಿ ಇದಕ್ಕಿಂತ ಹೆಚ್ಚು ಮಾಡಲು ಸಾಧ್ಯವಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪ ಹೊತ್ತವರದು. ಸಾಧ್ಯವಿತ್ತು ಎಂದು ತೋರಿಸುವ ಹೊಣೆ ಸರ್ಕಾರದ್ದಲ್ಲ.

ಇಷ್ಟು ಹೇಳುವವರೆಗೆ ಸಭೆ ತೂಕಡಿಸುತ್ತಿರುತ್ತದೆ. ಹಳೆಯ ಕಾಯಿದೆಯ 101ನೇ ಸೆಕ್ಷನ್‌ಗೆ ಬಂದ ಕೂಡಲೇ ಎಲ್ಲರ ಜೇಬಿನಿಂದ ಪೆನ್ನು ಹೊರಬರುತ್ತದೆ. ಏಕೆಂದರೆ ಅದು ತಪ್ಪಿಸಿಕೊಳ್ಳುವ ದಾರಿ. ನಿಜವಾದ ತಪ್ಪಿತಸ್ಥ ಬೇರೆಯವನು ಎಂದು ಆಕ್ಯುಪೈಯರ್ ಅಥವಾ ಮ್ಯಾನೇಜರ್ ದೂರು ಕೊಟ್ಟು, ಮೂರು ದಿನ ಮುಂಚಿತವಾಗಿ ತಿಳಿಸಿ, ಅವನನ್ನು ಕೋರ್ಟಿನ ಮುಂದೆ ತರಿಸಬಹುದು. ಎಲ್ಲರೂ ಬರೆದುಕೊಳ್ಳುತ್ತಾರೆ. ಬರೆದು ಮುಗಿಯುವವರೆಗೆ ಕಾದು ಉಳಿದ ಅರ್ಧವನ್ನು ಓದುತ್ತೇನೆ: ಕಾಯಿದೆ ಪಾಲನೆಯಾಗುವಂತೆ ತಾನು ಶ್ರದ್ಧೆಯಿಂದ ನೋಡಿಕೊಂಡಿದ್ದೆ, ಈ ತಪ್ಪು ತನಗೆ ತಿಳಿಯದೆ, ತನ್ನ ಒಪ್ಪಿಗೆಯಿಲ್ಲದೆ, ತಾನು ಕಂಡೂ ಕಾಣದಂತೆ ಇರದೆ ನಡೆದಿದೆ ಎಂಬುದನ್ನೂ ಅವರು ಸಾಬೀತು ಮಾಡಬೇಕು. ಆಮೇಲೆ ಎಲ್ಲರನ್ನೂ ಕರೆದುಕೊಂಡು ಶಾಪ್‌ಫ್ಲೋರಿಗೆ ಹೋಗುತ್ತೇನೆ.

ಒಂದು ಪ್ರೆಸ್ ಶಾಪ್‌ನಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಲೋಹದ ತಗಡನ್ನು ಅಚ್ಚಿನ ನಡುವೆ ಇಟ್ಟು ಒತ್ತುವ ಪವರ್ ಪ್ರೆಸ್ಸುಗಳ ಸಾಲು. ಪ್ರತಿ ಯಂತ್ರದ ಮುಂದೆಯೂ ಎರಡು ಹಸಿರು ಗುಂಡಿ, ನಡುವೆ ಎರಡು ಗೇಣು ಅಂತರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಆಗ ಎರಡೂ ಕೈ ಅಚ್ಚಿನಿಂದ ದೂರವಿರುತ್ತವೆ. ಸರಳವಾದ, ಒಳ್ಳೆಯ ವ್ಯವಸ್ಥೆ. ಅಲ್ಲಿ ಒಂದು ಯಂತ್ರದ ಎಡಗಡೆಯ ಗುಂಡಿಯ ಅಂಚಿನಲ್ಲಿ ಕಿರುಬೆರಳಿನಷ್ಟು ಉದ್ದದ ಮರದ ಚಕ್ಕೆಯೊಂದನ್ನು ಸಿಕ್ಕಿಸಿದ್ದರು. ಗುಂಡಿ ಸದಾ ಒತ್ತಿಕೊಂಡೇ ಇರುತ್ತದೆ. ಬಲಗೈ ಗುಂಡಿ ಒತ್ತುತ್ತದೆ, ಎಡಗೈ ಆ ಹೊತ್ತಿಗೆ ಮುಂದಿನ ತಗಡನ್ನು ಅಚ್ಚಿನ ಬಾಯಿಗೆ ತರುತ್ತಿರುತ್ತದೆ. ಒಮ್ಮೆ ಒತ್ತಿದ ಗುಂಡಿಯನ್ನು ಬಿಡದಿದ್ದರೆ ಮುಂದಿನ ಒತ್ತು ನಡೆಯದಂತೆ ತಡೆಯುವ ಸರ್ಕಿಟ್ ಆ ಹಳೆಯ ಯಂತ್ರದಲ್ಲಿ ಇರಲಿಲ್ಲ.

ಜೊತೆಗಿದ್ದ ಮ್ಯಾನೇಜರು ಕೆಂಪಾದರು. "ಇವರಿಗೆ ಎಷ್ಟು ಹೇಳಿದರೂ ಇಷ್ಟೇ ಮೇಡಂ," ಎಂದು ಆಪರೇಟರ್ ಹುಡುಗನ ಕಡೆ ತಿರುಗಿದರು. ನಾನು ಚಕ್ಕೆಯನ್ನು ಕಿತ್ತು ಅವರ ಅಂಗೈ ಮೇಲೆ ಇಟ್ಟೆ. ಅದು ಎಣ್ಣೆ ಕುಡಿದು ಕಪ್ಪಾಗಿತ್ತು. ಅಂಚುಗಳು ಸವೆದು ನುಣ್ಣಗಾಗಿದ್ದವು. ಒಂದು ತುದಿಯನ್ನು ಗುಂಡಿಯ ಸಂದಿಗೆ ಸರಿಯಾಗಿ ಕೂರುವಂತೆ ಬ್ಲೇಡಿನಿಂದ ಜತನವಾಗಿ ಕೆತ್ತಿದ್ದರು. ನಿನ್ನೆ ಮೊನ್ನೆಯದಲ್ಲ. ಆ ಸಾಲಿನ ಮುಂದೆ ಮ್ಯಾನೇಜರು ದಿನಕ್ಕೆ ಹಲವು ಬಾರಿ ಓಡಾಡುತ್ತಾರೆ. ಶಿಫ್ಟ್ ಇನ್‌ಚಾರ್ಜ್ ಅಲ್ಲೇ ನಿಂತಿರುತ್ತಾರೆ. ಕಂಡೂ ಕಾಣದಂತೆ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಕಾನೂನು ಪುಸ್ತಕದಿಂದಲೂ ತೋರಿಸಲಾರೆ.

ಆದರೆ ಹುಡುಗ ಏಕೆ ಹಾಗೆ ಮಾಡಿದ? ತರಬೇತಿಯ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ನಾವು ಕ್ಲಾಸಿಗೆ ಮರಳಿ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಊಟ, ಟೀ ಬಿಟ್ಟು ಪಾಳಿಯಲ್ಲಿ ಏಳೂವರೆ ಗಂಟೆ ಕೆಲಸ ಎಂದುಕೊಳ್ಳಿ. ಅಂದರೆ 27,000 ಸೆಕೆಂಡು. ತಗಡು ಇಟ್ಟು, ಕೈ ಹಿಂದೆ ತಂದು, ಎರಡೂ ಗುಂಡಿ ಒತ್ತಿ, ಅಚ್ಚು ಇಳಿದು ಏರಿ, ತಯಾರಾದ ತುಂಡನ್ನು ತೆಗೆಯಲು ಆರು ಸೆಕೆಂಡು ಬೇಕೆಂದರೆ ಪಾಳಿಗೆ 4,500 ತುಂಡು. ಟಾರ್ಗೆಟ್ 6,000 ಎಂದು ಬರೆದರೆ ಒಂದು ತುಂಡಿಗೆ ಸಿಗುವುದು ನಾಲ್ಕೂವರೆ ಸೆಕೆಂಡು. ಉಳಿದ ಒಂದೂವರೆ ಸೆಕೆಂಡನ್ನು ಆಪರೇಟರ್ ಎಲ್ಲಿಂದ ತರಬೇಕು? ಅಚ್ಚಿನ ವೇಗ ಅವನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಅವನ ಕೈ ಮಾತ್ರ. ಒಂದು ಕೈಯನ್ನು ಗುಂಡಿಯಿಂದ ಬಿಡಿಸಿಕೊಂಡರೆ ಆ ಒಂದೂವರೆ ಸೆಕೆಂಡು ದಕ್ಕುತ್ತದೆ.

ಇವು ಪಾಠಕ್ಕಾಗಿ ನಾನು ದುಂಡಾಗಿಸಿಕೊಂಡ ಸಂಖ್ಯೆಗಳು. ಆದರೆ ಪ್ರೊಡಕ್ಷನ್ ಮ್ಯಾನೇಜರುಗಳು ತಮ್ಮ ಲ್ಯಾಪ್‌ಟಾಪ್ ತೆರೆದು ಸ್ವಂತ ಯಂತ್ರದ ಲೆಕ್ಕ ಹಾಕಲು ಶುರು ಮಾಡಿದಾಗ ಕೋಣೆಯಲ್ಲಿ ಮಾತು ನಿಲ್ಲುತ್ತದೆ. ಚಕ್ಕೆಯನ್ನು ಕೆತ್ತಿದವನು ಹುಡುಗ, ಒಪ್ಪುತ್ತೇನೆ. ಕೆತ್ತಿಸಿದ್ದು ಎಕ್ಸೆಲ್ ಹಾಳೆ. ಆ ಹಾಳೆಗೆ ಸಹಿ ಹಾಕಿದವರು ಹೆಲ್ಮೆಟ್ ತರಬೇತಿಗೆ ಕಾರ್ಮಿಕರನ್ನು ಕಳುಹಿಸಿದರೆ ಬೆರಳು ಉಳಿಯುವುದಿಲ್ಲ. ಹಳೆಯ ಕಾಯಿದೆಯಲ್ಲಿ ಮಾಮೂಲಿ ಉಲ್ಲಂಘನೆಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇದ್ದವು. ಹೊಸ ಸಂಹಿತೆಯಲ್ಲಿ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ. ತೀವ್ರ ಗಾಯವಾದರೆ ಒಂದು ವರ್ಷದವರೆಗೆ ಸೆರೆ ಅಥವಾ ಎರಡರಿಂದ ನಾಲ್ಕು ಲಕ್ಷ ದಂಡ ಅಥವಾ ಎರಡೂ. ದಂಡದಲ್ಲಿ ಕನಿಷ್ಠ ಅರ್ಧವನ್ನು ಗಾಯಾಳುವಿಗೆ ಅಥವಾ ವಾರಸುದಾರರಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಈ ಕೊನೆಯ ಅಂಶ ನನಗೆ ಇಷ್ಟ. ಶಿಕ್ಷೆಯ ಸಂಖ್ಯೆಗಳನ್ನು ಹೇಳಿ ಹೆದರಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಹೆದರಿದ ಮ್ಯಾನೇಜರ್ ಗಾರ್ಡ್ ಹಾಕಿಸುವುದಿಲ್ಲ, ಕನ್ಸಲ್ಟೆಂಟ್ ಒಬ್ಬರನ್ನು ಹಿಡಿದು ಕಾಗದ ಮಾಡಿಸುತ್ತಾನೆ.

ಇನ್ನು ಕೈಗವಸಿನ ಕಥೆ. ಅಪಾಯವನ್ನು ಮೊದಲು ಇಲ್ಲವಾಗಿಸು, ಆಗದಿದ್ದರೆ ಕಡಿಮೆ ಅಪಾಯದ ವಸ್ತು ಬಳಸು, ಅದೂ ಆಗದಿದ್ದರೆ ಯಂತ್ರಕ್ಕೆ ಬೇಲಿ ಹಾಕು, ಆಮೇಲೆ ಕೆಲಸದ ಕ್ರಮ ಬದಲಿಸು, ಕಟ್ಟಕಡೆಗೆ ಮೈಮೇಲೆ ತೊಡಿಸು ಎಂಬ ಕ್ರಮ ಸುರಕ್ಷತೆಯಲ್ಲಿ ಎಲ್ಲರೂ ಒಪ್ಪಿದ್ದು. ನಮ್ಮ ಕಡೆ ಅದನ್ನು ತಲೆಕೆಳಗೆ ಮಾಡಿ ಮೈಮೇಲಿಂದ ಆರಂಭಿಸುತ್ತಾರೆ, ಏಕೆಂದರೆ ಕೈಗವಸು ಅಗ್ಗ. ಡ್ರಿಲ್ಲಿಂಗ್ ಯಂತ್ರದ ಆಪರೇಟರುಗಳಿಗೆಲ್ಲ ಬಟ್ಟೆಯ ಕೈಗವಸು ಕೊಡಿಸಿದ್ದೇವೆ ಎಂದು ಒಬ್ಬರು ಹೆಮ್ಮೆಯಿಂದ ತೋರಿಸಿದ್ದರು. ತಿರುಗುವ ಡ್ರಿಲ್ಲಿಗೆ ಕೈಗವಸಿನ ಒಂದು ನೂಲು ಸಿಕ್ಕಿಕೊಂಡರೆ ಸಾಕು, ಅದು ಬೆರಳನ್ನೂ ಸುತ್ತಿಕೊಂಡು ಒಳಗೆಳೆಯುತ್ತದೆ. ಅಲ್ಲಿ ಕೈಗವಸು ಹಾಕದಿರುವುದೇ ಸುರಕ್ಷತೆ. ಸೀರೆಯ ಸೆರಗು, ದುಪಟ್ಟಾ, ಕುತ್ತಿಗೆಯ ಟವೆಲ್ಲಿನ ಕಥೆಯೂ ಅದೇ. ಚಲಿಸುವ ಯಂತ್ರದ ಬಳಿ ಪರೀಕ್ಷೆ, ಎಣ್ಣೆ ಹಾಕುವುದು ಮುಂತಾದ ಕೆಲಸ ಮಾಡುವವರಿಗೆ ಮೈಗಂಟಿದ ಉಡುಪನ್ನು ಒದಗಿಸಬೇಕಾದವರು ಆಕ್ಯುಪೈಯರ್ ಎಂದು 1948ರ ಕಾಯಿದೆಯ 22ನೇ ಸೆಕ್ಷನ್ ಹೇಳುತ್ತಿತ್ತು, ಅಂಥವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕು ಎಂದೂ. ನೋಡಿ, ರಿಜಿಸ್ಟರು ಕೊನೆಗೂ ಬಂತು. ಆದರೆ ಉಡುಪು ಕೊಟ್ಟ ಮೇಲೆ.

ಅಪಘಾತ ವರದಿಯ ವಿಷಯ ಬಂದಾಗ ಎಲ್ಲರೂ ಇದ್ದಕ್ಕಿದ್ದಂತೆ ಸಜ್ಜನರಾಗಿಬಿಡುತ್ತಾರೆ. "ನಮ್ಮಲ್ಲಿ ಅಂಥದ್ದೇನೂ ಆಗಿಲ್ಲ ಮೇಡಂ." ಗಾಯಗೊಂಡವನು ನಲವತ್ತೆಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕೆಂಬುದು ಹಳೆಯ ಕಾಯಿದೆಯಿಂದಲೂ ಇರುವ ನಿಯಮ. ಈ ನಲವತ್ತೆಂಟು ಗಂಟೆಯ ಸುತ್ತ ಬೆಳೆದಿರುವ ಜಾಣತನ ಅಷ್ಟಿಷ್ಟಲ್ಲ. ಬ್ಯಾಂಡೇಜ್ ಸುತ್ತಿದ ಕೈಯವನನ್ನು ಮಾರನೆಯ ದಿನ ಕಂಪನಿಯ ಜೀಪಿನಲ್ಲೇ ಕರೆತಂದು, ಸ್ಟೋರಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ಹಾಜರಾತಿಯ ಯಂತ್ರಕ್ಕೆ ಚೆನ್ನಾಗಿರುವ ಕೈಯ ಬೆರಳನ್ನು ಒತ್ತಿಸಿದರೆ ಆಯಿತು. ಅವನು ಕೆಲಸಕ್ಕೆ ಬಂದ ಹಾಗೆ. ಅಪಘಾತರಹಿತ ದಿನಗಳ ಬೋರ್ಡಿನಲ್ಲಿ ಸಂಖ್ಯೆ ಏರುತ್ತಲೇ ಇರುತ್ತದೆ. ಇದರಿಂದ ನಷ್ಟ ಯಾರಿಗೆ? ನೌಕರರ ರಾಜ್ಯ ವಿಮೆಯ (ಇಎಸ್‌ಐ) ಅಡಿ ಅವನಿಗೆ ಸಿಗಬೇಕಾದ ಅಂಗವೈಕಲ್ಯ ಪರಿಹಾರಕ್ಕೆ ಆಧಾರವಾಗುವ ಅಪಘಾತ ವರದಿಯೇ ಹುಟ್ಟುವುದಿಲ್ಲ. ಮುಂದೆ ಬೆರಳು ಮಡಿಚಲು ಬರದೆ ಹೋದರೆ, ಅದು ಈ ಪ್ರೆಸ್ಸಿನಲ್ಲಿ ಆದದ್ದೆಂದು ಹೇಳಲು ಅವನ ಬಳಿ ಒಂದು ಚೂರು ಕಾಗದವೂ ಇರುವುದಿಲ್ಲ. ಎಚ್‌ಆರ್‌ನವರು ಇದನ್ನು ಕೆಟ್ಟತನದಿಂದ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ಆ ಬೋರ್ಡಿನ ಸಂಖ್ಯೆ ಸೊನ್ನೆಗೆ ಬಂದರೆ ಬೈಗುಳ ತಿನ್ನುವವರು ಅವರೇ. ಹಾಗಾಗಿ ನಾನು ಹೋದ ಕಡೆಯಲ್ಲೆಲ್ಲ ಆ ಬೋರ್ಡನ್ನು ಇಳಿಸಿ ಎಂದು ಬರೆದುಕೊಟ್ಟು ಬರುತ್ತೇನೆ. ಇಳಿಸಿದವರು ಕಡಿಮೆ.

ಬೋರ್ಡಿನ ಮಾತು ಬಂತು, ಇನ್ನೊಂದು ಬೋರ್ಡ್ ಇದೆ. ಕಾಯಿದೆಯ ಸಾರಾಂಶವನ್ನು ಇಂಗ್ಲಿಷಿನಲ್ಲೂ, ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೇಟಿನ ಬಳಿ ಹಾಕಬೇಕು. ನಮ್ಮ ಕಾರ್ಖಾನೆಗಳಲ್ಲಿ ಅದು ಕನ್ನಡದಲ್ಲಿ ಇರುತ್ತದೆ, ಸಂತೋಷ. ಆದರೆ ಗುತ್ತಿಗೆದಾರ ತಂದ ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು ತುಂಬಿರುವ ಶೆಡ್ಡಿನಲ್ಲಿ ಅದನ್ನು ಓದುವವರು ಸೆಕ್ಯೂರಿಟಿಯವರು ಮಾತ್ರ. ನಿಮ್ಮಲ್ಲಿ ಬಹುಪಾಲು ಯಾರು ಎಂದು ಕೇಳಿದರೆ ಕಾಯಂ ನೌಕರರನ್ನಷ್ಟೇ ಎಣಿಸುತ್ತಾರೆ. ಗುತ್ತಿಗೆಯವರು ಕಾಂಟ್ರಾಕ್ಟರಿನ ತಲೆನೋವು ಎಂಬ ಭಾವನೆ ಬೇರೂರಿದೆ. ಗೋಡೆಯ ಒಳಗೆ ದುಡಿಯುವವನಿಗೆ ಆದ ಗಾಯದಲ್ಲಿ ಸಂಬಳದ ಚೀಟಿ ಯಾರದು ಎಂದು ಕೇಳಿ ಕೈತೊಳೆದುಕೊಳ್ಳಲು ಸುರಕ್ಷತೆಯ ಕಾನೂನು ಬಿಡುವುದಿಲ್ಲ. ಕನ್ನಡದಲ್ಲಿ ಚೆನ್ನಾಗಿ ತರಬೇತಿ ಕೊಟ್ಟೆ ಎಂದು ನಾನು ಬೀಗಿದರೂ ಆ ಹುಡುಗರಿಗೆ ಏನೂ ತಲುಪಿರುವುದಿಲ್ಲ. ಈಗ ಹಿಂದಿ ಬಲ್ಲ ಸೂಪರ್‌ವೈಸರ್ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ.

ಸಂಪು ಮತ್ತು ಗುಂಡಿಗಳ ವಿಷಯಕ್ಕೆ ಮಾತ್ರ ನಾನು ಸಮಯ ನೋಡುವುದಿಲ್ಲ. ತ್ಯಾಜ್ಯ ನೀರಿನ ಸಂಸ್ಕರಣಾ ಘಟಕದ ತೊಟ್ಟಿ, ಕೆಸರಿನ ಸಂಪು, ಮುಚ್ಚಿದ ಟ್ಯಾಂಕ್ ಇವು ಹೊರಗಿನಿಂದ ಸಾಧು. ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿಕೊಂಡಿರಬಹುದು. ಅದು ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ, ಆಗ ಇಳಿದವನಿಗೆ ಎಲ್ಲವೂ ಸರಿಯಿದೆ ಎನಿಸುತ್ತದೆ. ಒಬ್ಬ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಪತ್ರಿಕೆಗಳಲ್ಲಿ ಒಂದೇ ಗುಂಡಿಯಲ್ಲಿ ಎರಡು ಮೂರು ಸಾವು ಎಂದು ಓದುವುದು ಈ ಕಾರಣಕ್ಕೆ. ಹಳೆಯ ಕಾಯಿದೆಯ 36ನೇ ಸೆಕ್ಷನ್ ಹೇಳಿದ್ದು ಎಷ್ಟು ಸರಳ: ಒಳಗೆ ಅಪಾಯವಿಲ್ಲ ಎಂದು ಅರ್ಹ ವ್ಯಕ್ತಿ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು, ಇಲ್ಲವಾದರೆ ಇಳಿಯುವವನು ಉಸಿರಾಟದ ಸಾಧನ ತೊಟ್ಟಿರಬೇಕು, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹೊರಗಿರುವವನ ಕೈಯಲ್ಲಿ ಇರಬೇಕು. ಒಳಗೆ ಒಯ್ಯುವ ವಿದ್ಯುತ್ ದೀಪ 24 ವೋಲ್ಟ್ ಮೀರುವಂತಿಲ್ಲ, ಸೂಕ್ತ ರಕ್ಷಣಾ ಸಾಧನವಿದ್ದರೆ ಮಾತ್ರ ವಿನಾಯಿತಿ. ಈ ಅಂಕಿ ಹೇಳಿದಾಗಲೆಲ್ಲ ಮೆಂಟೆನೆನ್ಸ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಉರಿಯುವ 230 ವೋಲ್ಟಿನ ಬಲ್ಬನ್ನೇ ಉದ್ದದ ವೈರಿಗೆ ಕಟ್ಟಿ ಒದ್ದೆ ಟ್ಯಾಂಕಿಗೆ ಇಳಿಬಿಡುವುದು ಎಲ್ಲ ಕಡೆ ರೂಢಿ.

ಶೌಚಾಲಯದ ಪಿಟ್ ತುಂಬಿದಾಗ ಯಾರಿಗೆ ಫೋನ್ ಮಾಡುತ್ತೀರಿ ಎಂದೂ ಕೇಳುತ್ತೇನೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ನಿಷೇಧಿಸಿದೆ. ಒಳಚರಂಡಿ ಸ್ವಚ್ಛತೆಯಲ್ಲಿ ಸತ್ತವರ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಇದು ಕಾರ್ಖಾನೆಯ ಕಾನೂನಲ್ಲ, ನಗರಸಭೆಯವರದು ಎಂದು ವಾದಿಸಿದವರಿದ್ದಾರೆ. ಪಿಟ್ ಯಾರ ಕಾಂಪೌಂಡಿನಲ್ಲಿದೆ ಎಂದು ಕೇಳಿ ಸುಮ್ಮನಾಗುತ್ತೇನೆ.

ಆರೋಗ್ಯದ ಭಾಗಕ್ಕೆ ಬರುವ ಹೊತ್ತಿಗೆ ಊಟವಾಗಿ ಎಲ್ಲರ ಕಣ್ಣು ಭಾರವಾಗಿರುತ್ತದೆ. ಬೆರಳು ತುಂಡಾದರೆ ರಕ್ತ ಕಾಣುತ್ತದೆ. ಧೂಳು, ಸದ್ದು ತಮ್ಮ ಕೆಲಸವನ್ನು ವರ್ಷಗಳ ಮೇಲೆ ಮಾಡುತ್ತವೆ. ಕೋಲಾರ ಜಿಲ್ಲೆಯ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹಿಡಿದ ಎದೆಗಳು ಗಣಿ ಮುಚ್ಚಿದ ದಿನ ಗುಣವಾಗಲಿಲ್ಲ, ಅದಕ್ಕೆ ಗುಣವೇ ಇಲ್ಲ. ಕ್ರಷರ್, ಗ್ರಾನೈಟ್ ಕಟಿಂಗ್ ಘಟಕದವರಿಗೆ ಇದನ್ನು ಹೇಳಿದರೆ ಕೂಡಲೇ ಮಾಸ್ಕ್ ತರಿಸುತ್ತೇವೆ ಎನ್ನುತ್ತಾರೆ. ಮತ್ತೆ ಮೈಮೇಲಿನದೇ. ಕಲ್ಲಿಗೆ ನೀರು ಹಾಯಿಸಿ ಧೂಳು ಏಳದಂತೆ ಮಾಡುವುದು ಮೊದಲ ಕೆಲಸ. ಶಬ್ದಕ್ಕೂ ಮಿತಿಯಿದೆ, ಎಂಟು ಗಂಟೆಯ ದುಡಿಮೆಗೆ 90 ಡೆಸಿಬಲ್. ಪ್ರೆಸ್ ಶಾಪ್‌ನಲ್ಲಿ ಅಳತೆಯ ಸಾಧನ ಹಿಡಿದು ನಿಲ್ಲಬೇಕಾಗಿಲ್ಲ. ಮೊಳದಷ್ಟು ದೂರದಲ್ಲಿರುವವರ ಜೊತೆ ಕೂಗಿ ಮಾತನಾಡಬೇಕಾದರೆ ಅಳೆಸುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಹೊಸ ಸಂಹಿತೆ ನಿಗದಿತ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು ಎನ್ನುತ್ತದೆ. ಬಿಪಿ, ಶುಗರ್ ನೋಡಿ ಕಳುಹಿಸುವ ಶಿಬಿರ ಅದಕ್ಕೆ ಸಾಲದು. ಕಿವಿಯ ಪರೀಕ್ಷೆ, ಶ್ವಾಸಕೋಶದ ಪರೀಕ್ಷೆ ಎಂದು ಆಸ್ಪತ್ರೆಯವರಿಗೆ ಬರೆದು ಕೊಡಬೇಕಾದವರು ಮ್ಯಾನೇಜರು. ಯಾವ ಸಾಲಿನಲ್ಲಿ ಏನು ಧೂಳು, ಏನು ಸದ್ದು ಎಂದು ಡಾಕ್ಟರಿಗೆ ಗೊತ್ತಿರುವುದಿಲ್ಲ.

ಮ್ಯಾನೇಜರುಗಳ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲವಾದರೆ ಅನ್ಯಾಯವಾದೀತು. "ಎಲ್ಲ ಸರಿ ಮೇಡಂ, ಒಂದು ಲೈಟ್ ಕರ್ಟನ್ ಹಾಕಿಸಬೇಕಾದರೂ ಬೆಂಗಳೂರಿನಲ್ಲಿರುವವರು ಒಪ್ಪಬೇಕು. ನನ್ನ ಸಹಿಗೆ ಇರುವ ಬೆಲೆ ಎಷ್ಟು ಗೊತ್ತೇ?" ಎಂದು ಒಬ್ಬರು ಕೇಳಿದ್ದರು (ಲೈಟ್ ಕರ್ಟನ್ ಎಂದರೆ ಕೈ ಅಡ್ಡ ಬಂದ ಕೂಡಲೇ ಯಂತ್ರವನ್ನು ನಿಲ್ಲಿಸುವ ಬೆಳಕಿನ ತೆರೆ). ಆ ಪ್ರಶ್ನೆಯಲ್ಲಿ ನೋವಿತ್ತು. ಹೆಸರು ಇವರದು, ಹಣದ ಚೀಲ ಅವರದು. ಲೈನು ನಿಲ್ಲಿಸಿದರೆ ಸಂಜೆಯೊಳಗೆ ವಿವರಣೆ ಕೊಡಬೇಕು. ನಿಲ್ಲಿಸದೆ ಬೆರಳು ಹೋದರೆ ಇನ್‌ಸ್ಪೆಕ್ಟರ ಮುಂದೆ ನಿಲ್ಲಬೇಕಾದವರೂ ಇವರೇ. ಕಾನೂನು ಓದಿಸಿದ ಮಾತ್ರಕ್ಕೆ ಈ ಇಕ್ಕಟ್ಟು ಬಗೆಹರಿಯುವುದಿಲ್ಲ. ಯಂತ್ರ ನಿಲ್ಲಿಸುವ ಅಧಿಕಾರವನ್ನು ನಿರ್ದೇಶಕರು ಬರವಣಿಗೆಯಲ್ಲಿ ಕೊಡದಿದ್ದರೆ ನನ್ನ ತರಬೇತಿ ಮ್ಯಾನೇಜರಿಗೆ ಭಯವನ್ನಷ್ಟೇ ಹೆಚ್ಚಿಸಿ ಮನೆಗೆ ಕಳುಹಿಸುತ್ತದೆ. ಅದಕ್ಕೇ ಮೊದಲ ಒಂದು ಗಂಟೆ ನಿರ್ದೇಶಕರೂ ಕೂರಬೇಕೆಂದು ಕೇಳುವ ರೂಢಿ ಮಾಡಿಕೊಂಡಿದ್ದೇನೆ. ಕೆಲವರು ವಿಡಿಯೋ ಕಾಲಿನಲ್ಲಿ ಬರುತ್ತಾರೆ, ಕ್ಯಾಮೆರಾ ಆಫ್ ಮಾಡಿಕೊಂಡು.

ಕೊನೆಯ ಅವಧಿಯಲ್ಲಿ ಪರೀಕ್ಷೆ ಇರುವುದಿಲ್ಲ, ಪತ್ರ ಬರೆಯುವ ಕೆಲಸ ಇರುತ್ತದೆ. ಪ್ರತಿಯೊಬ್ಬ ಮ್ಯಾನೇಜರೂ ತಮ್ಮ ಘಟಕದ ಒಂದೇ ಒಂದು ಅಪಾಯವನ್ನು ಆರಿಸಿಕೊಂಡು, ಅದು ಎಲ್ಲಿದೆ, ಏನು ಆಗಬಹುದು, ಏನು ಬೇಕು, ಎಷ್ಟು ಖರ್ಚು, ಎಂದಿನೊಳಗೆ ಎಂದು ಆಕ್ಯುಪೈಯರ್‌ಗೆ ಬರೆಯಬೇಕು. ತಾರೀಕು ಹಾಕಬೇಕು. ಮೊದಲ ಕರಡುಗಳಲ್ಲಿ "ಕಾರ್ಮಿಕರ ಅಜಾಗರೂಕತೆಯಿಂದ" ಎಂಬ ಮಾತು ತಪ್ಪದೆ ಇರುತ್ತದೆ, ಅದನ್ನು ಹೊಡೆದುಹಾಕಿಸುತ್ತೇನೆ. ಶ್ರದ್ಧೆಯಿಂದ ನೋಡಿಕೊಂಡಿದ್ದೆ ಎನ್ನಲು ನಾಳೆ ಆಧಾರವಾಗುವುದು ಇಂಥ ಪತ್ರವೇ ಹೊರತು ಗುಂಪಿನ ಫೋಟೋ ಅಲ್ಲ. ಬರೆದವರೆಲ್ಲ ಕಳುಹಿಸುತ್ತಾರೆ ಎಂಬ ಭ್ರಮೆ ನನಗಿಲ್ಲ.

ಚಕ್ಕೆ ಸಿಕ್ಕಿದ ಆ ಘಟಕದ ಮ್ಯಾನೇಜರು ಕಳುಹಿಸಿದರು. ಹಳೆಯ ಪ್ರೆಸ್ಸುಗಳಿಗೆ ಹೊಸ ಕಂಟ್ರೋಲ್ ಸರ್ಕಿಟ್, ಜೊತೆಗೆ ಟಾರ್ಗೆಟ್ ಮರುಪರಿಶೀಲನೆ ಎಂದು ಎರಡು ಬೇಡಿಕೆ ಇಟ್ಟಿದ್ದರು. ಸರ್ಕಿಟ್‌ಗೆ ಒಪ್ಪಿಗೆ ಸಿಕ್ಕಿತು, ಟಾರ್ಗೆಟ್ ಬಗ್ಗೆ ಮುಂದಿನ ಮೀಟಿಂಗ್‌ನಲ್ಲಿ ನೋಡೋಣ ಎಂದು ಬಂತು. ಕೆಲಸವನ್ನು ಉತ್ಪಾದನೆಗೆ ಅಡ್ಡಿಯಾಗದಂತೆ ಭಾನುವಾರ ಮುಗಿಸಿ, ಮೆಂಟೆನೆನ್ಸ್ ಹುಡುಗರಿಗೆ ಊಟ ಕೊಡಿಸಿ ಎಂಬ ಸೂಚನೆಯೂ ಇತ್ತು. ಅವರು ನನಗೆ ಫೋನ್ ಮಾಡಿ, "ಮೇಡಂ, ವಾರದ ರಜೆಯ ದಿನ ದುಡಿಸಿದರೆ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ರಜೆ ಕೊಡಬೇಕು, ವಾರಕ್ಕೆ ನಲವತ್ತೆಂಟು ಗಂಟೆ ದಾಟಿದ್ದಕ್ಕೆ ದುಪ್ಪಟ್ಟು ಕೂಲಿ ಕೊಡಬೇಕು ಎಂದು ನೀವು ಹೇಳಿದ್ದಿರಲ್ಲ, ಆ ಸೆಕ್ಷನ್‌ಗಳು ಯಾವುವು? ಊಟದ ಜೊತೆಗೆ ಅದನ್ನೂ ಸೇರಿಸಿ ಇವತ್ತೇ ಉತ್ತರ ಬರೆಯಬೇಕು," ಎಂದರು. ಹಳೆಯ ಕಾಯಿದೆಯ 52 ಮತ್ತು 59 ಎಂದು ಹೇಳಿದೆ. ಟಾರ್ಗೆಟ್ ವಿಷಯವನ್ನು ಅದೇ ಇಮೇಲಿನಲ್ಲಿ ಮತ್ತೊಮ್ಮೆ ಕೇಳುತ್ತೀರಾ ಎಂದೆ. "ಅದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ," ಎಂದರು.